ಮರಳಿನ ಹಳಿ

ಫೆಬ್ರವರಿ ೨೧

ಅಪ್ಪಾ,

ಆರೋಗ್ಯ ವಿಚಾರಿಸಿ, ಮೊಣಕಾಲಿಗೆ ಮುಲಾಮು ಹಚ್ಚಿಕೊಳ್ಳಿ ಎಂದು ಬರೆದು ಈ ಪತ್ರವನ್ನು ಮುಗಿಸಿಬಿಡುವವಳಿದ್ದೆ. ಹಾಗೆಯೇ ಬರೆದೂ ಆಗಿತ್ತು. ಕವರಿಗೆ ಅಂಟು ಹಚ್ಚುವಾಗ ಕೈ ನಿಂತಿತು. ಹೇಳಬೇಕಾಗಿದ್ದ ಒಂದೇ ಮಾತು ಅದರಲ್ಲಿ ಇರಲಿಲ್ಲ. ಅವತ್ತು ಇಂಜಿನ್ ನನ್ನ ಮೇಲೆ ನುಗ್ಗಿ ಬರುವಾಗ ಡ್ರೈವರ್ ಸೀಟಿನಲ್ಲಿ ಕೂತಿದ್ದವರು ನೀವು. ನನ್ನನ್ನೇ ನೋಡುತ್ತಿದ್ದಿರಿ. ನಗುತ್ತಿದ್ದಿರಿ.

ಫೋನಿನಲ್ಲೇ ಕೇಳಬಹುದಿತ್ತು. ಆದರೆ ಫೋನಿನಲ್ಲಿ ನಿಮ್ಮದು “ಹೂಂ, ಸರಿ, ಇಡ್ತೀನಿ” ಇಷ್ಟೇ. ನೀವು ಗಾಡಿ ಓಡಿಸುತ್ತಿದ್ದ ಕಾಲದಿಂದಲೂ ನಾವಿಬ್ಬರು ನೆಟ್ಟಗೆ ಮಾತಾಡಿರುವುದು ಕಾಗದದಲ್ಲೇ. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿ, ಮನೆಗೆ ಬರೆಯುವಾಗ ಮಾತ್ರ ನಮ್ಮ ಭಾಷೆಯಲ್ಲೇ ಬರೆಯಬೇಕೆಂದು ಹಠ ಹಿಡಿದವರೂ ನೀವೇ.

ನಡೆದದ್ದನ್ನು ಒಮ್ಮೆ ಕ್ರಮವಾಗಿ ಬರೆಯುತ್ತೇನೆ. ನಿಮಗೆ ಗೊತ್ತಿಲ್ಲದ್ದು ಏನೂ ಇಲ್ಲ. ಆದರೆ ಬರೆಯದಿದ್ದರೆ ನನಗೆ ನಂಬಲಾಗುವುದಿಲ್ಲ.

ಬೆಳಗ್ಗೆ ಏರಿನಲ್ಲಿ ಎಲ್ಲ ಚೆನ್ನಾಗಿತ್ತು. ಗುಜರಿಗೆ ಹೋಗಲಿರುವ ಹಳೆಯ ಡೀಸೆಲ್ ಇಂಜಿನ್, ಹಿಂದೆ ಎರಡು ಬೋಗಿ, ರೈಲಿನ ಫೋಟೋದ ಹುಚ್ಚು ಹಿಡಿದ ನಾವೊಂದಷ್ಟು ಮಂದಿ, ಮತ್ತು ಅದೇ ಇಂಜಿನ್ನನ್ನು ಅರ್ಧ ಆಯುಷ್ಯ ಓಡಿಸಿದ ನೀವು ನಮ್ಮ ಮುಖ್ಯ ಅತಿಥಿ. ಈಗಿನ ಡ್ರೈವರ್ ಹಿಂದೆ ನಿಮ್ಮ ಕೈಕೆಳಗೆ ಅಸಿಸ್ಟೆಂಟ್ ಆಗಿದ್ದವನು. ಈಗಲೂ ನಿಮ್ಮನ್ನು ಗುರುಗಳೇ ಎನ್ನುತ್ತಾನೆ, ನನ್ನನ್ನು ಅಕ್ಕ ಎನ್ನುತ್ತಾನೆ. ಏರಿನಲ್ಲಿ ಇಂಜಿನ್ ಉಗುಳಿದ ಕಪ್ಪು ಹೊಗೆ ನೋಡಿ ನಮ್ಮ ಗುಂಪಿನ ದಂತವೈದ್ಯರು ಮಗುವಿನ ಹಾಗೆ ಕುಣಿದರು. ಅವರನ್ನು ನಾವು ಕರೆಯುವುದೇ ಹೊಗೆ ಡಾಕ್ಟರ್ ಎಂದು. ದಿನವಿಡೀ ಕಂಡವರ ಬಾಯೊಳಗೆ ಇಣುಕುವವನಿಗೆ ಇಷ್ಟಾದರೂ ಆಕಾಶ ಬೇಡವೇ ಎಂದು ಅವರ ವಾದ. ನೀವೂ ನಕ್ಕಿರಿ.

ಮಧ್ಯಾಹ್ನ ಇಳಿಜಾರಿನ ಸರದಿ. ಘಟ್ಟದ ಅರ್ಧದಲ್ಲಿ ಹಳಿ ಕವಲೊಡೆಯುತ್ತದೆ. ಒಂದು ಕೆಳಗೆ ಊರಿಗೆ ಇಳಿಯುತ್ತದೆ. ಇನ್ನೊಂದು ಎದುರಿನ ಗುಡ್ಡವನ್ನು ಸ್ವಲ್ಪ ಹತ್ತಿ ಮರಳಿನಲ್ಲಿ ಮುಗಿಯುತ್ತದೆ. ಬ್ರೇಕ್ ಸೋತ ಗಾಡಿಯನ್ನು ಹಿಡಿದು ನಿಲ್ಲಿಸಲೆಂದೇ ಹಾಕಿದ ಹಳಿ ಅದು. ಕವಲು ಯಾವಾಗಲೂ ಮರಳಿನ ಕಡೆಗೇ ತಿರುಗಿರುತ್ತದೆ. ಇಳಿದು ಬರುವ ಗಾಡಿ ಬಿಳಿ ಹಲಗೆಯ ಬಳಿ ನಿಂತು ಸೀಟಿ ಹಾಕಬೇಕು. ಆಗಲೇ ಪಾಯಿಂಟ್ಸ್‌ಮನ್ ಲಿವರ್ ಎಳೆದು ಊರಿನ ಹಳಿಗೆ ದಾರಿ ಮಾಡುವುದು. “ನಿಂತು ತೋರಿಸಿದವನಿಗೇ ದಾರಿ” ಎಂದು ಚಿಕ್ಕಂದಿನಲ್ಲಿ ನೀವು ನನಗೆ ಹೇಳಿಕೊಟ್ಟಿದ್ದಿರಿ.

ಫೋಟೋದವರಿಗೆ ಮಾತ್ರ ನಿಲ್ಲಲು ಆ ಮರಳಿನ ಹಳಿಯೇ ಬೇಕು. ಅಲ್ಲಿಂದ ನೋಡಿದರೆ ಗಾಡಿ ತಿರುವು ದಾಟಿ ನೇರ ನಮ್ಮ ಮುಖಕ್ಕೇ ಬರುತ್ತದೆ, ನಿಲ್ಲುತ್ತದೆ, ಕೂಗುತ್ತದೆ, ಆಮೇಲೆ ನಾಚಿಕೊಂಡಂತೆ ಪಕ್ಕಕ್ಕೆ ತಿರುಗಿ ಹೋಗುತ್ತದೆ. ಆ ಹಳಿಗೆ ಗಾಡಿ ನುಗ್ಗಿದ್ದನ್ನು ನಮ್ಮಲ್ಲಿ ಯಾರೂ ಕಂಡವರಲ್ಲ. ಪಾಯಿಂಟ್ಸ್‌ಮನ್ ಬೇಡ ಎಂದ. ನಾವು ನಕ್ಕು ನಿಂತೆವು.

ಮೊದಲ ಸಲ ಗಾಡಿ ಬಂದು ಹಲಗೆಯ ಬಳಿ ಸರಿಯಾಗಿ ನಿಂತಿತು. ಅಷ್ಟರಲ್ಲಿ ಮೋಡ ಅಡ್ಡ ಬಂತೆಂದು ಹೊಗೆ ಡಾಕ್ಟರ್ ಗೊಣಗಿದರು. ಚಿತ್ರ ಕೆಟ್ಟರೆ ಗಾಡಿಯನ್ನು ಹಿಂದಕ್ಕೆ ಕಳಿಸಿ ಇನ್ನೊಮ್ಮೆ ಬರಿಸಿಕೊಳ್ಳುವುದು ನಮ್ಮಂಥವರ ಪದ್ಧತಿ. ಕಳಿಸಿದೆವು.

ಎರಡನೆಯ ಸಲ ಅದು ಹಲಗೆಯನ್ನು ದಾಟಿತು. ದಾಟಿದ ಮೇಲೂ ನನಗೆ ತಿಳಿಯಲಿಲ್ಲ. ಚಿತ್ರ ಚೆನ್ನಾಗಿ ತುಂಬಿಕೊಳ್ಳುತ್ತಿದೆ ಎಂದುಕೊಂಡೆ. ಯಾರೋ ಕಿರುಚಿದರು. ಹೊಗೆ ಡಾಕ್ಟರ್ ದಿಣ್ಣೆಯಿಂದ ಕೆಳಕ್ಕೆ ಹಾರಿದರು. ನನ್ನ ಕಾಲು ಓಡಲಿಲ್ಲ, ಬೆರಳು ಮಾತ್ರ ಓಡಿತು. ಕ್ಯಾಮೆರಾ ಕಟಕಟನೆ ತೆಗೆಯುತ್ತಲೇ ಇತ್ತು. ಇಂಜಿನ್ ಮರಳಿನಲ್ಲಿ ಹೂತು, ನರಳಿ, ಕೈ ಚಾಚಿದರೆ ಮೂತಿ ಮುಟ್ಟುವಷ್ಟು ಹತ್ತಿರ ಬಂದು ನಿಂತಿತು. ಕ್ಯಾಮೆರಾ ಸ್ಟ್ಯಾಂಡಿನ ಒಂದು ಕಾಲು ಚಕ್ರದ ಕೆಳಗಿತ್ತು. ಇದರ ಉಸಿರು ಎಷ್ಟು ಬಿಸಿ ಇದೆಯಲ್ಲ ಎಂದು ನನಗೆ ಮೊದಲು ಅನಿಸಿದ್ದು. ಆಮೇಲೆ ಮರಳಿನ ಮೇಲೇ ಕೂತುಬಿಟ್ಟೆ.

ಹೊಗೆ ಡಾಕ್ಟರ ಸೊಂಟದ ಮೂಳೆ ಮುರಿದಿದೆ. ನಮ್ಮ ಆಸ್ಪತ್ರೆಗೇ ಕರೆತಂದರು. ಅವರ ಎಕ್ಸ್‌ರೇ ತೆಗೆದವಳೂ ನಾನೇ. ಡ್ರೈವರನ್ನು ಕೆಲಸದಿಂದ ಅಮಾನತು ಮಾಡಿದ್ದಾರೆ. ಸೀಟಿನಲ್ಲಿದ್ದವನು ತಾನೇ, ಬ್ರೇಕ್ ಹಾಕಲು ತಡವಾಯಿತು, ಗುರುಗಳು ಹಿಂದೆ ಸುಮ್ಮನೆ ನಿಂತಿದ್ದರು ಎಂದು ವಿಚಾರಣೆಯಲ್ಲಿ ಹೇಳಿದ್ದಾನೆ. ಮೇ ಕೊನೆಗೆ ತೀರ್ಮಾನ. ಅವನ ಕೆಲಸ ಹೋಗುತ್ತದೆ ಎಂದೇ ಎಲ್ಲರ ಮಾತು.

ನಾನೂ ಅದನ್ನೇ ನಂಬಿದ್ದೆ. ಮೊನ್ನೆ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಒಂದರ ಪ್ರತಿಯನ್ನು ಇದರೊಳಗೆ ಇಟ್ಟಿದ್ದೇನೆ. ಯಾರಿಗೂ ತೋರಿಸಬೇಡಿ, ನಿಮ್ಮ ಹಳೆಯ ಜೊತೆಗಾರ ಗಾರ್ಡ್ ಮಾಮನಿಗೂ ಬೇಡ. ಕೈ ನಡುಗುತ್ತದೆಂದು ಈಚೆಗೆ ಅವರಿಂದಲೇ ಬರೆಸುತ್ತೀರಿ, ಸರಿ. ಈ ಉತ್ತರವನ್ನು ಮಾತ್ರ ನೀವೇ ಬರೆಯಿರಿ, ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ.

ನಾನು ಗಂಡನನ್ನು ಬಿಟ್ಟು ಬಂದ ಮೇಲೆ ನೀವು ನನ್ನ ಮುಖ ನೋಡಿ ಮಾತಾಡುವುದನ್ನು ನಿಲ್ಲಿಸಿದ್ದೀರಿ. ಮಾತಾಡುವಾಗೆಲ್ಲ ಪಕ್ಕಕ್ಕೆ ತಿರುಗುತ್ತೀರಿ. ಎಷ್ಟೋ ದಿನಗಳ ಮೇಲೆ ನೇರವಾಗಿ ನನ್ನ ಮುಖ ನೋಡಿದ್ದು ಆ ಗಾಜಿನ ಹಿಂದಿನಿಂದ. ನೋಡಿ, ನಕ್ಕು, ಬ್ರೇಕ್ ಹಾಕಲಿಲ್ಲ. ಅಷ್ಟು ಕೋಪವಿತ್ತೇ ಅಪ್ಪ?

ಹೀಗೆ ಕೇಳುವವಳು ಮಗಳೇ ಎಂದು ನನಗೇ ಅನಿಸುತ್ತದೆ. ಆದರೂ ಕೇಳಿದ್ದೇನೆ.

ನಿಮ್ಮ ಮಗಳು


ಮಾರ್ಚ್ ೮

ಪುಟ್ಟಿ,

ಬರೀತಿರೋದು ಗಾರ್ಡ್, ಹೇಳ್ತಿರೋದು ನಾನು. ನೀನು ಬೇಡ ಅಂದಿದ್ದೆ. ಆದ್ರೆ ನನ್ನ ಕೈಗೆ ಪೆನ್ನು ಕೊಟ್ರೆ ಅದು ಎಲ್ಲಿ ನಿಲ್ಲುತ್ತೋ ದೇವರಿಗೇ ಗೊತ್ತು. ಫೋಟೋ ಮಾತ್ರ ಇವನಿಗೆ ತೋರಿಸಿಲ್ಲ. ಕವರಿಂದ ತೆಗೆದು ಜೇಬಿಗೆ ಹಾಕ್ಕೊಂಡೆ. ಮೀನು ಕಂಡ ಬೆಕ್ಕಿನ ಹಾಗೆ ಪಕ್ಕದಲ್ಲೇ ಕೂತಿದ್ದಾನೆ. ಇದನ್ನೂ ಬರಿ ಅಂತ ಹೇಳಿದ್ದೀನಿ, ಬರೀತಾ ಇದ್ದಾನೆ.

ಫೋಟೋ ನೋಡಿದೆ. ಚೆನ್ನಾಗಿ ಬಂದಿದೆ. ಇಂಜಿನ್ ಮೂತಿ ಮೇಲೆ ಬಿಸಿಲು ಸರಿಯಾಗಿ ಬಿದ್ದಿದೆ, ನಂಬರೂ ಓದೋ ಹಾಗಿದೆ. ಗಾಜಿನ ಹಿಂದೆ ನಾನಿರೋದು ನಿಜ. ಆದ್ರೆ ಸರಿಯಾಗಿ ನೋಡು, ಕೂತಿರೋನು ಅವನು. ನಾನು ಅವನ ಹಿಂದೆ ನಿಂತು ಬಗ್ಗಿದ್ದೀನಿ. ಗಾಜು ಹೊಳೆದ್ರೆ ಹಿಂದಿರೋನು ಮುಂದೆ ಬಂದ ಹಾಗೆ ಕಾಣುತ್ತೆ. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತ ದೊಡ್ಡೋರು ಸುಮ್ನೆ ಹೇಳಿಲ್ಲ. ಆ ಹುಡುಗ ವಿಚಾರಣೇಲಿ ಏನು ಹೇಳಿದ್ದಾನೋ ಅದೇ ಸರಿ. ನಿನ್ನ ಹತ್ರ ಇರೋ ಪ್ರತೀನೂ ಹರಿದು ಹಾಕು.

ಕೋಪದ ಮಾತು ಯಾಕೆ ಬರೆದೆ? ನಿನ್ನ ಮೇಲೆ ನನಗೆ ಎಂಥ ಕೋಪ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇನ್ನು ಮೇಲೆ ಹಳಿ ಮೇಲೆ ನಿಂತು ಚಿತ್ರ ತೆಗೀಬೇಡ, ಗುಡ್ಡದ ಮೇಲಿಂದ ತೆಗಿ.

ಅಪ್ಪ


ಮಾರ್ಚ್ ೧೭

ಅಪ್ಪಾ, ಮತ್ತು ಇದನ್ನು ಓದಿ ಹೇಳುತ್ತಿರುವ ಗಾರ್ಡ್ ಮಾಮ,

ನಾನು ಕಳಿಸಬೇಕಿದ್ದ ಫೋಟೋ ನನ್ನ ಮೇಜಿನ ಖಾನೆಯಲ್ಲೇ ಇದೆ.

ನಿಮ್ಮ ಪತ್ರ ಬಂದ ಮೇಲೆ, ಕೂತವರು ಯಾರು ನಿಂತವರು ಯಾರು ಎಂದು ಇನ್ನೊಮ್ಮೆ ನೋಡೋಣವೆಂದು ಖಾನೆ ತೆರೆದೆ. ಹರಿದು ಹಾಕಬೇಕೆಂಬ ಮನಸ್ಸೂ ಇತ್ತು ಎಂದರೆ ಸುಳ್ಳಲ್ಲ. ನಿಮಗೆಂದು ಲಕೋಟೆಗೆ ಹಾಕಿದ್ದ ಪ್ರತಿ ಅಲ್ಲೇ ಇತ್ತು, ಅದರೊಳಗೆ ನೀವು ಗಾಜಿನ ಹಿಂದೆ ನಗುತ್ತಿದ್ದೀರಿ. ಎರಡು ಚಿತ್ರಗಳನ್ನು ಒಂದೇ ಥರದ ಲಕೋಟೆಗಳಲ್ಲಿ ಇಟ್ಟಿದ್ದೆ. ನಾನು ಕಳಿಸಿದ್ದು ಇನ್ನೊಂದು. ಇಂಜಿನ್ನನ್ನು ಎಳೆದೊಯ್ದ ಮೇಲೆ, ಸಂಜೆ ತೆಗೆದದ್ದು. ಅದರಲ್ಲಿ ಬರೀ ಮರಳಿದೆ. ಚಕ್ರ ಕೊರೆದ ಎರಡು ಗೀರುಗಳಿವೆ, ಮುರಿದ ಸ್ಟ್ಯಾಂಡಿದೆ. ಇಂಜಿನ್ ಇಲ್ಲ, ಗಾಜಿಲ್ಲ, ಬಿಸಿಲಿಲ್ಲ, ಮನುಷ್ಯರೇ ಇಲ್ಲ.

ಅದನ್ನು ನೋಡಿ ನೀವು ನಂಬರ್ ಓದುವ ಹಾಗಿದೆ ಎಂದಿರಿ.

ಖಾನೆಯನ್ನು ಮುಚ್ಚಿ ಕೆಲಸಕ್ಕೆ ಹೋದೆ. ಮೊದಲು ಬಂದ ಹೆಂಗಸನ್ನು ಎಕ್ಸ್‌ರೇ ಯಂತ್ರದ ಮುಂದೆ ನಿಲ್ಲಿಸಿ, ಉಸಿರು ಹಿಡಿದುಕೊಳ್ಳಿ ಎಂದೆ. ಚಿತ್ರ ತೆಗೆದೆ. ಉಸಿರು ಬಿಡಿ ಎನ್ನುವುದನ್ನು ಮರೆತೆ. ಪಾಪ, ಅವರು ಕಣ್ಣು ಕೆಂಪಾಗುವ ತನಕ ಹಾಗೇ ನಿಂತಿದ್ದರು.

ಅವತ್ತಿನಿಂದ ಒಂದೊಂದೇ ನೆನಪಾಗುತ್ತಿದೆ. ನೀವು ಟೀ ಬಗ್ಗಿಸುವಾಗ ಲೋಟದೊಳಗೆ ಬೆರಳಿಟ್ಟಿದ್ದು. ಮೆಟ್ಟಿಲಿಳಿಯುವಾಗ ಮೊಣಕಾಲು ನೋವೆಂದು ನನ್ನ ಭುಜ ಹಿಡಿದದ್ದು. ಹೊಗೆ ಡಾಕ್ಟರ ಕೈ ಹಿಡಿದು “ಏನೋ, ದಪ್ಪ ಆಗಿದೀಯಲ್ಲೋ” ಎಂದದ್ದು. ಎಲ್ಲರೂ ತಮಾಷೆ ಎಂದುಕೊಂಡರು, ನೀವು ಅವರನ್ನು ನಿಮ್ಮ ಹಳೆಯ ಅಸಿಸ್ಟೆಂಟ್ ಎಂದುಕೊಂಡಿದ್ದಿರಿ. ನೇರ ಎದುರಿಗಿರುವುದು ಕಾಣದೆ ಅಂಚು ಮಾತ್ರ ಕಾಣುವ ಕಾಯಿಲೆಯವರು ಹೀಗೇ ಮುಖ ಪಕ್ಕಕ್ಕೆ ತಿರುಗಿಸಿ ನೋಡುತ್ತಾರೆ. ನಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿ ಅಂಥವರು ಎಷ್ಟೋ ಮಂದಿ ಕೂತಿರುತ್ತಾರೆ. ದಿನವೂ ಅವರ ನಡುವೆ ಓಡಾಡುವ ನಾನು, ನನ್ನಪ್ಪ ಪಕ್ಕಕ್ಕೆ ತಿರುಗಿದ್ದನ್ನು ಮುನಿಸು ಎಂದುಕೊಂಡೆ.

ಮಾಮ, ಹಾಗಾದರೆ ನನ್ನ ಪತ್ರಗಳನ್ನೆಲ್ಲ ಓದಿದವರು ನೀವು. ಗಂಡನ ಮನೆ ಬಿಟ್ಟ ದಿನ, ಸೂಟ್‌ಕೇಸಿನ ಮೇಲೆ ಕಾಗದವಿಟ್ಟುಕೊಂಡು ಬರೆದದ್ದನ್ನೂ ನೀವೇ ಓದಿದಿರಾ? ಅಪ್ಪನಿಗೆಂದು ಬರೆದ ಮಾತು ಅದು. ನನಗೆ ಸಿಟ್ಟು ಬರಬೇಕು. ಬರುತ್ತಿಲ್ಲ.

ಇದನ್ನು ಒಂದಕ್ಷರವೂ ಬಿಡದೆ ಓದಿ ಹೇಳಿ. ಅಪ್ಪ, ಕಣ್ಣು ಕಾಣದೆ ಆ ಸೀಟಿನಲ್ಲಿ ಯಾಕೆ ಕೂತಿರಿ?

ಮಗಳು


ಏಪ್ರಿಲ್ ೩

ಪುಟ್ಟಮ್ಮ,

ಇದು ನಾನೇ ಬರೆಯುತ್ತಿರುವುದು, ನಿನ್ನ ಗಾರ್ಡ್ ಮಾಮ. ನಿನ್ನಪ್ಪ ಒಳಗೆ ಮಲಗಿದ್ದಾನೆ. ಹದಿನೇಳರ ಕಾಗದದ ಮೇಲೆ ನೀನು ಬರೆದ ಇನ್ನೆರಡು ಕಾಗದಗಳೂ ಬಂದವು. ಓದಲು ಬಿಡಲಿಲ್ಲ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾನೆ.

ಹದಿನೇಳರದನ್ನು ಮಾತ್ರ ಒಂದಕ್ಷರ ಬಿಡದೆ ಓದಿ ಹೇಳಿದೆ. ಮರಳಿನ ಮಾತು ಬಂದಾಗ ಜೇಬಿನಿಂದ ಫೋಟೋ ತೆಗೆದು ನನ್ನ ಕೈಗೆ ಕೊಟ್ಟ.

“ಏನಿದೆಯೋ ಇದರಲ್ಲಿ?” ಅಂದ.

“ಏನೂ ಇಲ್ಲ ಕಣಯ್ಯ” ಅಂದೆ.

ಅದನ್ನು ವಾಪಸ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡು ಒಳಗೆ ಹೋದ.

ಕಣ್ಣಿನ ಡಾಕ್ಟರು ಹೇಳಿದ್ದು ನೀನು ಊಹಿಸಿದ್ದೇ. ನಡುಭಾಗ ಹೋಗಿದೆ, ಅಂಚು ಉಳಿದಿದೆ. ಹೋದದ್ದು ಮತ್ತೆ ಬರುವುದಿಲ್ಲವಂತೆ. ನಿನಗೆ ತಿಳಿಸೋಣ ಎಂದೆ. ಅವಳೇ ಮುರಿದ ಮನೆಯಿಂದ ಬಂದಿದ್ದಾಳೆ, ನನ್ನ ಭಾರ ಬೇರೆ ಹೊರಿಸಬೇಡ ಎಂದು ಆಣೆ ಹಾಕಿಸಿಕೊಂಡ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಒದೆ ತಿನ್ನುವ ಧೈರ್ಯ ನನಗೆ ಇರಲಿಲ್ಲ. ಸರ್ವಿಸ್ ಪೂರ್ತಿ ಅವನ ಗಾಡಿಯ ಕೊನೆಯ ಬೋಗಿಯಲ್ಲಿ ನಿಂತು ಹಸಿರು ಬಾವುಟ ತೋರಿಸಿದವನು ನಾನು. ಈಗಲೂ ಅದನ್ನೇ ಮಾಡಿಬಿಟ್ಟೆ.

ಸೂಟ್‌ಕೇಸಿನ ಮೇಲೆ ಬರೆದ ಆ ಕಾಗದವನ್ನು ಓದಿದವನು ನಾನೇ. ಕ್ಷಮಿಸು. ಅವನು ಅದನ್ನು ಎರಡು ಸಲ ಓದಿಸಿದ. ಆಮೇಲೆ “ಬಂದಳಲ್ಲ, ಸಾಕು” ಎಂದ. ಅದನ್ನು ಉತ್ತರದಲ್ಲಿ ಬರೆಯೋಣವೇ ಎಂದರೆ, ಅದನ್ನೆಲ್ಲ ಬರೆಯುತ್ತಾರೇನೋ ಎಂದು ಬೈದ.

ಸ್ವಲ್ಪ ದಿನ ಕೊಡು. ಹೇಳುತ್ತಾನೆ.

ಗಾರ್ಡ್ ಮಾಮ


ಏಪ್ರಿಲ್ ೨೨

ಪುಟ್ಟಿ,

ಗಾರ್ಡ್ ಬರೀತಿದ್ದಾನೆ. ಮಧ್ಯೆ ತನ್ನದೊಂದು ಸೇರಿಸಬಾರದು ಅಂತ ಹೇಳಿದ್ದೀನಿ.

ನಾನಾಗಿ ಆ ಸೀಟು ಕೇಳಲಿಲ್ಲ. ಎರಡನೇ ಸಲಕ್ಕೆ ಅಂತ ಗಾಡಿ ಹಿಂದಕ್ಕೆ ಹೋಗಿ ನಿಂತ ಮೇಲೆ ಆ ಹುಡುಗ ಎದ್ದುಬಿಟ್ಟ. “ಗುರುಗಳೇ, ನಾಳೆ ಇದು ಗುಜರಿಗೆ ಹೋಗುತ್ತೆ. ಒಂದು ಸಲ ಕೂತ್ಕೊಳ್ಳಿ” ಅಂದ. ಬೇಡ ಅಂದೆ. ಯಾಕೆ ಅಂದ. ಆ ಯಾಕೆಗೆ ನನ್ನ ಹತ್ರ ಉತ್ತರ ಇತ್ತು, ಹೇಳೋಕಾಗಲಿಲ್ಲ. ಕೂತೆ. ಇಷ್ಟೇ ಪುಟ್ಟಿ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ರೆ ಅದನ್ನೇ ಹೇಳ್ತಿದ್ದೆ.

ಕೂತ ಮೇಲೆ ಭಯ ಆಗಲಿಲ್ಲ. ಅದು ಇನ್ನೂ ಕೆಟ್ಟದ್ದು. ಕೈಗೆ ಬ್ರೇಕ್ ಸಿಕ್ತು, ಸೀಟು ನನ್ನ ಸೊಂಟಕ್ಕೆ ಸರಿಯಾಗಿ ಕೂತ್ಕೊಂಡಿತು. ಆ ತಿರುವಿನಲ್ಲಿ ಹಲಗೆ ನೋಡಿ ಬ್ರೇಕ್ ಹಾಕೋನಲ್ಲ ನಾನು, ಮೊದಲಿಂದಲೂ. ಬಂಡೆ ಸೀಳಿದ ಕಣಿವೆ ಬರುತ್ತೆ, ಇಂಜಿನ್ ಸದ್ದು ಎರಡೂ ಕಡೆ ಬಡಿದು ವಾಪಸ್ ಬರುತ್ತೆ. ಆ ಸದ್ದು ಬಂದ ಕೂಡಲೇ ಹಾಕಿದ್ರೆ ಹಲಗೆ ಹತ್ರ ನಿಲ್ಲುತ್ತೆ. ಮಂಜಿನಲ್ಲಿ, ಕತ್ತಲಲ್ಲಿ ಹಾಗೇ ನಿಲ್ಲಿಸಿದ್ದೀನಿ. ಅವತ್ತೂ ಕಾಯ್ತಾ ಕೂತಿದ್ದೆ. ಸದ್ದು ಬರಲೇ ಇಲ್ಲ. ಆಮೇಲೆ ಗೊತ್ತಾಯ್ತು, ನಾನು ನಿವೃತ್ತಿ ಆದ ಮೇಲೆ ದಾರಿ ಅಗಲ ಮಾಡೋಕೆ ಒಂದು ಕಡೆಯ ಬಂಡೆ ಒಡೆದು ತೆಗೆದಿದ್ದಾರಂತೆ. ಮೊದಲನೇ ಸಲ ಹುಡುಗನ ಜೊತೆ ಮಾತಲ್ಲಿದ್ದೆ, ಗಮನಿಸಲಿಲ್ಲ. ಇಲ್ಲದ ಬಂಡೆಗೆ ಕಿವಿ ಕೊಟ್ಕೊಂಡು ಕೂತಿದ್ದೆ. ಹುಡುಗ ಕೂಗಿ ನನ್ನ ಕೈ ಮೇಲೆ ಕೈ ಹಾಕಿ ಎಳೆದಾಗ ಹಲಗೆ ದಾಟಿ ಆಗಿತ್ತು.

ನೀನು ಅಲ್ಲಿ ನಿಂತಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ. ನೇರ ಮುಂದಕ್ಕೇ ನೋಡ್ತಿದ್ದ ಕಾರಣಕ್ಕೇ ನೀನು ಕಾಣಲಿಲ್ಲ. ಪಕ್ಕಕ್ಕೆ ನೋಡಿದ್ರೆ ಕಾಣ್ತಿದ್ದೆಯೋ ಏನೋ. ಆದ್ರೆ ಡ್ರೈವರ್ ಆದೋನು ಪಕ್ಕಕ್ಕೆ ನೋಡಬಾರದು. ಗಾಡಿ ನಿಂತ ಮೇಲೆ ಎದುರಿಗೆ ಯಾರಾದ್ರೂ ಇದ್ದಾರಾ ಅಂತ ಹುಡುಗನ್ನ ಕೇಳಿದೆ. “ಅಕ್ಕ” ಅಂದ. ಆ ಮಾತು ಇನ್ನೂ ಇಳಿದಿಲ್ಲ. ಊಟಕ್ಕೆ ಕೂತ್ರೂ ಅದೇ ಕೇಳುತ್ತೆ.

ಸೀಟಿನಲ್ಲಿದ್ದೋನು ತಾನೇ ಅಂತ ಅವನು ಎಲ್ಲರ ಮುಂದೆ ಹೇಳ್ದಾಗ ನಾನು ಬಾಯಿ ಮುಚ್ಕೊಂಡಿದ್ದೆ. ನಿಜ ಹೇಳಿದ್ರೆ ಕಣ್ಣಿನ ವಿಷಯ ನಿನಗೆ ಗೊತ್ತಾಗುತ್ತಲ್ಲ ಅಂತ ಮೊದಲು ಹೊಳೆದದ್ದು. ಅವನ ಹೆಂಡತಿ ಮಕ್ಕಳು ನೆನಪಾಗಿದ್ದು ಮನೆಗೆ ಬಂದ ಮೇಲೆ.

ವಿಚಾರಣೆಯವರಿಗೆ ಏನು ಬರೀಬೇಕೋ ನೀನೇ ಬರಿ. ಸಹಿ ಹಾಕ್ತೀನಿ. ಎಲ್ಲಿ ಹಾಕ್ಬೇಕು ಅಂತ ಬೆರಳಿಟ್ಟು ತೋರಿಸು.

ಒಂದು ಕೇಳ್ತೀನಿ. ಆ ಫೋಟೋದಲ್ಲಿ ನನ್ನ ಮುಖ ಹೇಗಿದೆ ಅಂತ ಬರಿ. ಗಾರ್ಡ್ ಹೇಳೋದು ಬೇಡ, ನೀನು ಹೇಳು.

ಅಪ್ಪ


ಮೇ ೫

ಅಪ್ಪಾ,

ನಿಮ್ಮ ಪತ್ರವನ್ನು ಓದಿ ಮಡಿಸಿ ಇಟ್ಟು, ಮತ್ತೆ ಬಿಚ್ಚಿ ಓದುತ್ತಿದ್ದೇನೆ. ಎರಡು ತಿಂಗಳು ನಾನು ಹೆದರಿದ್ದು ನಿಮ್ಮ ನಗುವಿಗೆ. ಆ ನಗು ನನಗಲ್ಲ ಎಂದು ತಿಳಿದ ಮೇಲೆ ಹಗುರವಾಗಬೇಕಿತ್ತು. ಆಗಿಲ್ಲ. ನೋಡುತ್ತಾ ಬಂದಿರಿ ಎಂದುಕೊಂಡಿದ್ದಾಗ ಸಿಟ್ಟಿಗೆ ಒಂದು ಜಾಗವಿತ್ತು. ನೋಡದೆಯೇ ಬಂದಿರಿ, ನಾನಿದ್ದೇನೆಂದೇ ಗೊತ್ತಿಲ್ಲದೆ ಬಂದಿರಿ. ಇದನ್ನು ಎಲ್ಲಿಡಬೇಕೆಂದು ತಿಳಿಯುತ್ತಿಲ್ಲ.

ಕಳೆದ ವಾರ ಡ್ರೈವರ್ ಮನೆಗೆ ಹೋಗಿದ್ದೆ. ಅಪ್ಪ ನಿಜ ಹೇಳಲು ಒಪ್ಪಿದ್ದಾರೆ ಎಂದೆ. ಅವನು ತಲೆಯಾಡಿಸಿದ. “ಆ ಸೀಟಿಗೆ ಅವರನ್ನ ಕೂರಿಸಿದ್ದು ನಾನು ಅಕ್ಕ. ಗುರುಗಳು ವಯಸ್ಸಾಗಿ ಏನೋ ಹೇಳ್ತಿದ್ದಾರೆ ಅಂತೀನಿ” ಎಂದ. ಅವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಚೀಲವನ್ನೇ ನೋಡುತ್ತಿದ್ದಳು. ಅದರಲ್ಲಿ ಫೋಟೋ ಇದ್ದದ್ದು ಅವಳಿಗೆ ಹೇಗೆ ತಿಳಿಯಿತೋ. ಅವನಿಗೂ ಶಿಕ್ಷೆಯಾಗಬಹುದು. ಆದರೆ ಅದು ಅವನು ಮಾಡಿದ್ದಕ್ಕೆ ಆಗಲಿ, ನೀವು ಮಾಡಿದ್ದಕ್ಕೆ ಬೇಡ. ಅವನು ಹೀಗೆ ಹಠ ಹಿಡಿದ ಮೇಲೆ ನಿಮ್ಮ ಸಹಿ ಒಂದೇ ಸಾಲದು. ಚಿತ್ರವೂ ಜೊತೆಗೆ ಹೋಗಬೇಕು.

ನೀವು, ಮಾಮ, ಡ್ರೈವರ್, ಮೂವರೂ ಒಬ್ಬರಿಗಾಗಿ ಒಬ್ಬರು ಸುಳ್ಳು ಹೇಳಿದಿರಿ, ಮುಚ್ಚಿಟ್ಟಿರಿ. ಯಾರಲ್ಲೂ ಕೆಟ್ಟತನ ಇರಲಿಲ್ಲ. ಅದೇ ನನಗೆ ನುಂಗಲಾಗದ್ದು.

ಈಗ ನಿಮ್ಮ ಮುಖ. ಚಿತ್ರ ಮುಂದಿಟ್ಟುಕೊಂಡೇ ಬರೆಯುತ್ತಿದ್ದೇನೆ. ಗಾಜಿನ ಎಡಗಡೆ ಒಂದು ಬಿರುಕಿದೆ, ಅದರ ಪಕ್ಕ ನೀವು. ಟೋಪಿ ಇಲ್ಲ, ಕೂದಲು ಗಾಳಿಗೆ ಎದ್ದಿದೆ. ಗದ್ದ ಸ್ವಲ್ಪ ಮೇಲಕ್ಕೆ. ಕಣ್ಣು ನೇರ ನನ್ನ ಮೇಲಿದೆ, ಆದರೆ ಕಣ್ಣಲ್ಲಿ ಕೆಲಸವಿಲ್ಲ, ಕೆಲಸವೆಲ್ಲ ಕಿವಿಯಲ್ಲಿದೆ. ಚಿಕ್ಕಂದಿನಲ್ಲಿ ನಾನು ಶಾಲೆಯ ಪದ್ಯ ಒಪ್ಪಿಸುವಾಗ, ಅರ್ಥವಾಗದ ಇಂಗ್ಲಿಷನ್ನು ಕೇಳುತ್ತಾ ಹೀಗೇ ಕೂರುತ್ತಿದ್ದಿರಿ. ತುಟಿ ಅರೆ ತೆರೆದಿದೆ. ನಾನು ನಗು ಎಂದುಕೊಂಡದ್ದು ಅದು. ಬಂಡೆಯ ಸದ್ದು ಇನ್ನೇನು ಬರುತ್ತದೆ ಎಂದು ಕಾಯುತ್ತಿದ್ದಿರಿ. ತುಂಬ ಸಂತೋಷದಲ್ಲಿದ್ದೀರಿ ಅಪ್ಪ. ನಿಮ್ಮನ್ನು ಅಷ್ಟು ಸಂತೋಷದಲ್ಲಿ ನಾನು ನೋಡಿರಲಿಲ್ಲ.

ಭಾನುವಾರ ಹದಿನೇಳಕ್ಕೆ ಬರುತ್ತೇನೆ. ನಾನು ಬರೆದ ಹೇಳಿಕೆಯನ್ನು ನಾನೇ ಓದಿ ಹೇಳುತ್ತೇನೆ. ಒಂದು ಮಾತು ಹೆಚ್ಚುಕಡಿಮೆ ಅನಿಸಿದರೆ ತಿದ್ದೋಣ. ಸಹಿಯ ಜಾಗಕ್ಕೆ ನಿಮ್ಮ ಬೆರಳು ತಂದಿಡುತ್ತೇನೆ. ಮಾತಾಡುವಾಗ ಪಕ್ಕಕ್ಕೆ ತಿರುಗಿಯೇ ಮಾತಾಡಿ, ನಾನು ಅಂಚಿನಲ್ಲೇ ಕೂರುತ್ತೇನೆ. ಮರುದಿನ ಬೆಳಗ್ಗೆ ನಿಮ್ಮ ಬೀದಿಯ ತಿರುವಿನ ಅಂಚೆಪೆಟ್ಟಿಗೆಗೆ ಇಬ್ಬರೂ ಹೋಗೋಣ. ನನ್ನ ಭುಜ ಹಿಡಿದುಕೊಳ್ಳಿ, ಮೊಣಕಾಲು ನೋವು ಎನ್ನಬೇಡಿ.

ಕವರಿನೊಳಗೆ ಹೋಗುವ ಚಿತ್ರವನ್ನು ಈ ಸಲ ಎರಡು ಬಾರಿ ನೋಡಿ ಇಟ್ಟಿದ್ದೇನೆ. ಹೇಳಿಕೆಯ ತಲೆಯ ಮೇಲೆ ತಾರೀಖನ್ನೂ ಬರೆದಾಗಿದೆ, ಹಿಂದೆ ಸರಿಯಲು ನನಗೆ ದಾರಿ ಇರಬಾರದೆಂದು.

ನಿಮ್ಮ ಮಗಳು

ಅಂಚೆಗೆ ಹಾಕುವ ದಿನ: ಮೇ ೧೮, ಸೋಮವಾರ